ಸೂಲೋನ ಚಿಮಣಿಯ ಬಕೆಟ್ಟು

ಮೇ ತಿಂಗಳ ಮೊದಲ ವಾರ. ಕೆರೆಯ ಮೇಲಿನ ಹಿಮಗಡ್ಡೆ ಒಡೆದು ಮೂರು ದಿನವಾಗಿತ್ತು. ಸಂಜೆ ಊಟವಾದರೂ ಇನ್ನೂ ಬೆಳಕಿದ್ದ ಹೊತ್ತಿನಲ್ಲಿ ಆರ್ವೋ ಹಿಲ್ಟುನೆನ್ ಅಂಗಳದ ಬಾಯ್ಲರಿನ ಬುಡದಲ್ಲಿ ಮಂಡಿಯೂರಿ ಕೂತಿದ್ದ. ಕಾಫಿ ಬಣ್ಣದ ನೀರು ಜಿನುಗುತ್ತಿತ್ತು.

ಅಮೆರಿಕದ ಮಿಶಿಗನ್ನಿನ ಆ ಬಡಗಣ ಸೀಮೆಯಲ್ಲಿ ಅಂಗಳದ ಬಾಯ್ಲರೇ ಮನೆಯ ಜೀವ. ಒಳಗೆ ಮನುಷ್ಯ ತೆವಳುವಷ್ಟು ದೊಡ್ಡ ಒಲೆಯಲ್ಲಿ ಸೌದೆ ಉರಿಯಬೇಕು, ಸುತ್ತ ತುಂಬಿದ ನೀರು ಕಾದು ನೆಲದಡಿಯ ಕೊಳವೆಯಲ್ಲಿ ಮನೆಗೆ ಹರಿಯಬೇಕು. ಬೇಲಿಯಾಚೆಯ ಸೂಲೋ ರೌಟಿಯೋನದೂ ಇವನದೂ ಹನ್ನೊಂದು ವರ್ಷದ ಹಿಂದೆ ಒಂದೇ ಲಾರಿಯಲ್ಲಿ ಬಂದವು. ಸೂಲೋನದು ಇವತ್ತಿಗೂ ಮದುವಣಗಿತ್ತಿಯಂತಿತ್ತು. ಆರ್ವೋನದಕ್ಕೆ ಎರಡು ತೇಪೆ ಬಿದ್ದಿದ್ದವು, ಮೂರನೆಯದು ನಿಲ್ಲುವುದಿಲ್ಲವೆಂದು ಬೆಸುಗೆಯವನು ಹೇಳಿಹೋಗಿದ್ದ.

"ಸೂಲೋನ ಕೇಳಬಾರ್ದಾ? ಅವನದು ಒಂದು ತೊಟ್ಟು ಸೋರಲ್ಲ," ಎಂದಳು ಹೆಂಡತಿ ಸೈಮಾ, ಮೆಟ್ಟಿಲ ಮೇಲಿಂದ.

"ಮೊದಲನೇ ವರ್ಷಾನೇ ಕೇಳಿದ್ದೆ ಕಣೇ. ಬೇಸಿಗೇಲಿ ನೀರು ಹೊರಗೆ ಬಿಡಬೇಡ, ತುಕ್ಕು ತಡೆಯೋ ಮದ್ದು ಹಾಕಿ ತುಂಬಿಡು ಅಂದ. ನೀರಲ್ಲಿ ಕಬ್ಬಿಣ ತುಕ್ಕು ಹಿಡಿಯುತ್ತೆ ಅಂತ ಎಳೇ ಮಗೂಗೂ ಗೊತ್ತು. ನನ್ನದು ಹಾಳಾಗ್ಲಿ ಅಂತ್ಲೇ ಹೇಳಿದ್ದು ಅವನು."

"ನಿನ್ನ ತಲೆಗೇ ಮೊದಲು ತುಕ್ಕು ಹಿಡ್ದಿರೋದು, ಬಿಡು."

ನೀರು ಹೆಪ್ಪುಗಟ್ಟಿ ಒಡೆಯದಂತೆ ಚಳಿಗಾಲಕ್ಕೆ ಮುಂಚೆ ಕೆರೆದಂಡೆಯ ಗುಡಿಸಲಿನ ಕೊಳವೆಗಳನ್ನು ಖಾಲಿ ಮಾಡುವುದು ಆರ್ವೋನ ಅಪ್ಪನ ಪದ್ಧತಿ. ಅದೇ ಬುದ್ಧಿಯಿಂದ ಇವನು ಪ್ರತಿ ಮೇ ತಿಂಗಳಲ್ಲೂ ಬಾಯ್ಲರನ್ನು ಬರಿದು ಮಾಡುತ್ತಿದ್ದ.

ಮರುದಿನ ಸೂಲೋ ಮೊಣಕಾಲು ಕೊಯ್ಸಿಕೊಳ್ಳಲು ಪಟ್ಟಣಕ್ಕೆ ಹೊರಟ. ಬೇಸಿಗೆಗೆಂದು ಬಾಯ್ಲರ್ ಆರಿಸಿ ಅದರ ಚಿಮಣಿಗೆ ಬಕೆಟ್ಟು ಕವುಚಿದ್ದ.

"ಬೂದಿ ಬಾಚಿದೀನಿ ಆರ್ವೋ. ಮೂಲೆ ಕೆರೆದು ಎಣ್ಣೆ ಸವರೋಕೆ ಈ ಮಂಡಿ ಬಿಡ್ಲಿಲ್ಲ. ಮಳೆ ಒಳಗಿಳಿದ್ರೆ ಉಳಿದ ಬೂದಿ ನೆನೆದು ಕಬ್ಬಿಣ ತಿಂದುಬಿಡುತ್ತೆ. ಗಾಳಿಗೆ ಬಕೆಟ್ ಬಿದ್ರೆ ಹಾಕ್ಬಿಡು ಮಾರಾಯ."

ಆರ್ವೋ ತಲೆಯಾಡಿಸಿದ. ಎರಡು ದಿನ ಆ ಬಕೆಟ್ಟನ್ನೇ ನೋಡಿದ. ಮೂರನೆಯ ದಿನ ಏಣಿ ಹತ್ತಿ ಅದನ್ನು ತೆಗೆದು ಹುಲ್ಲಿಗೆ ಎಸೆದ. ನಾಲ್ಕು ದಿನ ಮಳೆ ಹೊಯ್ದಿತು. ಮೊದಮೊದಲು ಅವನ ಹೊಟ್ಟೆ ತಣ್ಣಗಾಯಿತು.

ಐದನೆಯ ಬೆಳಿಗ್ಗೆ, ಮಳೆ ಬಿಟ್ಟ ಮೇಲೆ, ಹಾಳಾದದ್ದನ್ನು ಕಣ್ಣಾರೆ ನೋಡಲು ಹೋದ. ಒಲೆಯ ಬಾಗಿಲು ತೆಗೆದರೆ ಮೂಲೆಗಳಲ್ಲಿ ಬೂದಿ ಅಂಬಲಿಯಾಗಿತ್ತು, ಅಂಚಿನಲ್ಲಿ ಕೆಂಪು ಆಗಲೇ ಮೂಡಿತ್ತು. ನೀರೂ ಕೆಟ್ಟಿರಲೇಬೇಕೆಂದು ಬುಡದ ನಲ್ಲಿ ತಿರುಗಿಸಿ ಬೊಗಸೆ ಒಡ್ಡಿದ. ನೀರು ಗಾಜಿನಂತೆ ತಿಳಿಯಾಗಿತ್ತು, ಮದ್ದಿನ ನಸುನೇರಳೆ ಛಾಯೆ ಬಿಟ್ಟರೆ ತುಕ್ಕಿನ ಒಂದು ಚೂರೂ ಇರಲಿಲ್ಲ. ಹನ್ನೊಂದು ಬೇಸಿಗೆ ತುಂಬಿಯೇ ಇದ್ದ ನೀರು. ಸೂಲೋ ಹೇಳಿದ್ದು ನಿಜವಾಗಿತ್ತು.

ಆರ್ವೋನದನ್ನು ಒಳಗಿಂದ ತಿಂದದ್ದು ನೀರಲ್ಲ, ಬರಿದಾದಾಗ ಒದ್ದೆ ಕಬ್ಬಿಣಕ್ಕೆ ತಾಗಿದ ಗಾಳಿ. ಆಮೇಲೆ ಬಕೆಟ್ಟನ್ನು ಮತ್ತೆ ಚಿಮಣಿಗೆ ಕವುಚಿ, ಕೆರೆಯುವ ಉಳಿ, ಚಿಂದಿ, ಎಣ್ಣೆ ಹಿಡಿದು ಒಲೆಯೊಳಗೆ ತೆವಳಿದ. ಮಧ್ಯಾಹ್ನದ ತನಕ ಒರೆಸಿದ, ಕೆರೆದ, ಸವರಿದ.

"ಒಲೇಲಿರೋದು ಸೌದೇನೋ ಮನುಷ್ಯನೋ?" ಹೊರಗಿನಿಂದ ಸೂಲೋನ ದನಿ. ತಂಗಿಯ ಕಾರಿನಲ್ಲಿ ಆಗ ತಾನೇ ಬಂದಿಳಿದಿದ್ದ. ಅವನಿಗೆ ಕಂಡದ್ದು ಎರಡು ಬೂಟುಗಾಲು ಮಾತ್ರ.

"ಬಕೆಟ್... ಗಾಳಿಗೆ..." ಎಂದ ಆರ್ವೋ. ಒಳಗೆ ಅವನ ಮಾತು ಅವನಿಗೇ ಮಾರ್ದನಿಯಾಯಿತು. "ಗಾಳಿ ಅಲ್ಲ ಸೂಲೋ. ನಾನೇ ತೆಗ್ದೆ."

"ಗೊತ್ತಾಯ್ತು. ಗಾಳಿ ಏಣಿ ಹಾಕ್ಕೊಂಡು ಹತ್ತಲ್ಲ."

ಏಣಿ ಇನ್ನೂ ಒರಗಿಯೇ ಇತ್ತು.

ಸೂಲೋ ಊರುಗೋಲಿನ ಮೇಲೆ ಬಾಗಿ ಒಳಗೆ ಇಣುಕಿದ. "ಎಡಗಡೆ ಹಿಂದಿನ ಮೂಲೆ ಬಿಡಬೇಡ," ಎಂದಷ್ಟೇ ಹೇಳಿ ಮನೆಯೊಳಗೆ ಹೋದ. ಕಾಫಿಗೆ ಬಾ ಎನ್ನಲಿಲ್ಲ. ಆ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಕೂಗಾಡದೆ ಹೋದ ಅವನ ತಾಳ್ಮೆಯನ್ನು ಕಂಡೂ ಆರ್ವೋನ ಹೊಟ್ಟೆ ಉರಿಯಿತು. ಎಡಗಡೆಯ ಮೂಲೆಗೆ ಎರಡು ಸಲ ಎಣ್ಣೆ ಸವರಿದ.

ಜೂನ್ ಎರಡನೆಯ ಮಂಗಳವಾರ ಗುಜರಿ ಲಾರಿ ಬಂದು ಆರ್ವೋನ ಬಾಯ್ಲರನ್ನು ಹೊತ್ತುಕೊಂಡು ಹೋಯಿತು.