ಹಾಸಿಗೆಯಮ್ಮನ ಮಗಳ ಲಿವರ್ ಆಪರೇಷನ್

ಆಪರೇಷನ್ ಎಂಬ ಮಾತು ಮನೆಗೆ ಬಂದರೆ ಮೊದಲು ನಿದ್ದೆ ಹೋಗುತ್ತದೆ. ಮನೆಮಂದಿಯೆಲ್ಲ ಸೇರಿ, "ಕತ್ತಿ ಮುಟ್ಟಿಸೋದು ಬೇಡ, ಮಾತ್ರೆಯಲ್ಲೇ ನೋಡೋಣ" ಎನ್ನುತ್ತೇವೆ. ನೋಡುತ್ತಾ ನೋಡುತ್ತಾ ಕಾಲ ಕೈಮೀರುತ್ತದೆ.

ಹಾಸಿಗೆಯಮ್ಮನ ಮನೆಯಲ್ಲೂ ಹೀಗೇ ಆಯಿತು. ಗಂಡ ಹೆಂಡತಿ ಇಬ್ಬರೂ ಹತ್ತಿ ಹಿಂಜಿ ಹಾಸಿಗೆ ಹೊಲಿಯುವವರು. ಗಂಡನ ಪಿತ್ತಜನಕಾಂಗದಲ್ಲಿ, ಅಂದರೆ ಲಿವರ್‌ನಲ್ಲಿ, ಗಡ್ಡೆ ಕಂಡಿತು. "ಆಪರೇಷನ್ ಆಗುತ್ತದೋ ಇಲ್ಲವೋ, ದೊಡ್ಡಾಸ್ಪತ್ರೆಯಲ್ಲಿ ತೋರಿಸಿ" ಎಂದು ಡಾಕ್ಟರು ಹೇಳಿದರು. ಗಂಡ ಹೆಂಡತಿ ಹೋಗಲಿಲ್ಲ. ನೋವು ತಾಳಲಾರದೆ ಹೋದಾಗ ಗಡ್ಡೆ ಹರಡಿತ್ತು. ಊರಿಗೆಲ್ಲ ಮೆತ್ತನೆಯ ಹಾಸಿಗೆ ಹೊಲಿದುಕೊಟ್ಟವನು ಕೊನೆಗೆ ಯಾವ ಮಗ್ಗುಲಿಗೂ ಮಲಗಲಾರದೆ ತೀರಿಹೋದ.

ಆ ಸಾವಿನ ಬಳಿಕ ಆರೋಗ್ಯ ಕೇಂದ್ರದ ನರ್ಸಕ್ಕ ಬಿಡದೆ ಕಾಡಿ ತಾಯಿ ಮಗಳಿಬ್ಬರ ರಕ್ತ ಪರೀಕ್ಷೆ ಮಾಡಿಸಿದರು. ಲಿವರನ್ನು ಒಳಗೊಳಗೇ ಕೆಡಿಸಿ ಗಡ್ಡೆಗೂ ದಾರಿ ಮಾಡಬಲ್ಲ ಹೆಪಟೈಟಿಸ್ ಬಿ ಸೋಂಕು ತಾಯಿಗೆ ಇರಲಿಲ್ಲ. ಅವಳಿಗೆ ಲಸಿಕೆ ಹಾಕಿದರು. ಮಗಳಿಗೆ ಇತ್ತು, ಅಪ್ಪನಿಗೆ ಇದ್ದಂತೆಯೇ. ಅವಳಿಗೆ ಔಷಧಿ ಶುರುವಾಯಿತು, ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಕೂಡ. ಈ ಸಲದ ಸ್ಕ್ಯಾನಿನಲ್ಲಿ ಲಿವರ್‌ನ ಅಂಚಿಗೆ ಒಂದು ಚಿಕ್ಕ ಗಡ್ಡೆ ಕಾಣಿಸಿತು.

ಮಗಳನ್ನು ಎಲ್ಲರೂ ಕರೆಯುವುದು ಅರಳೆ ಎಂದು. ಹುಟ್ಟಿದಾಗ ಹತ್ತಿಯ ಎಳೆಯಷ್ಟು ಹಗುರಾಗಿದ್ದಳೆಂದು ಅಪ್ಪ ಇಟ್ಟ ಅಡ್ಡಹೆಸರು. ಅವಳು ಆಪರೇಷನ್ನಿಗೆ ಒಪ್ಪಿದ್ದಳು. ತಾಯಿ ಒಪ್ಪಲಿಲ್ಲ. ಅವಳನ್ನು ಒಪ್ಪಿಸಲೆಂದೇ ನರ್ಸಕ್ಕ ಅವರ ಹಾಸಿಗೆ ಅಂಗಡಿಗೆ ಬಂದರು.

"ಬನ್ನಿ, ಕೂತ್ಕೊಳ್ಳಿ. ಆಪರೇಷನ್ ಮಾತು ಮಾತ್ರ ಎತ್ತಬೇಡಿ," ಎಂದಳು ಹಾಸಿಗೆಯಮ್ಮ, ಹೊಲಿಗೆಯಿಂದ ತಲೆ ಎತ್ತದೆ.

"ಎತ್ತೋಕೇ ಬಂದಿರೋದು. ಹೊಟ್ಟೆ ಉದ್ದಕ್ಕೂ ಕೊಯ್ಯೋದಿಲ್ಲಮ್ಮ. ಸಣ್ಣ ಸಣ್ಣ ತೂತು ಮಾಡ್ತಾರೆ. ಒಂದರಲ್ಲಿ ಕ್ಯಾಮೆರಾ ಹೋಗತ್ತೆ, ಉಳಿದದ್ದರಲ್ಲಿ ಕಡ್ಡಿಯಂಥ ಸಲಕರಣೆ. ಟಿವಿ ಪರದೆ ಮೇಲೆ ನೋಡ್ಕೊಂಡು ಗಡ್ಡೆ ಇರೋ ಭಾಗ ಮಾತ್ರ ಕತ್ತರಿಸ್ತಾರೆ."

ಪಕ್ಕದ ಅಂಗಡಿಯ ಇಸ್ತ್ರಿಯಣ್ಣನಿಗೆ ಕಿವಿ ನೆಟ್ಟಗಾಯಿತು. "ತೂತಲ್ಲಿ ಲಿವರ್ ತೆಗೀತಾರಂತೆ! ಹಾಗಾದ್ರೆ ಬೀಗದ ಕಿಂಡೀಲಿ ಬೀರೂನೇ ಎಳ್ಕೋಬಹುದು ಬಿಡಿ!"

"ಅಣ್ಣಾ, ಆ ಕಡೆ ನೋಡಿ, ಯಾರದೋ ಅಂಗಿ ಸುಡ್ತಾ ಇದೆ," ಎಂದಳು ಅರಳೆ. ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ.

ನರ್ಸಕ್ಕ ನಕ್ಕರು. "ಅವರು ಕೇಳಿದ್ದೂ ಸರಿಯೇ. ಕತ್ತರಿಸಿದ ತುಂಡನ್ನ ಒಳಗೇ ಒಂದು ಚೀಲಕ್ಕೆ ಹಾಕ್ತಾರೆ. ಆಮೇಲೆ ಕೆಳಹೊಟ್ಟೇಲಿ ಅದು ಹೊರಗೆ ಬರೋವಷ್ಟೇ ಕೊಯ್ದು ತೆಗೀತಾರೆ."

"ನಾವೂ ಹಾಗೇ ಅಲ್ವೇನಮ್ಮ?" ಎಂದಳು ಅರಳೆ. "ಮೂಲೇಲಿ ಹತ್ತಿ ಗಂಟು ಕಟ್ಟಿದ್ರೆ ಹಾಸಿಗೆ ಪೂರ್ತಿ ಬಿಚ್ತೀವಾ? ಒಂದಿಷ್ಟು ಹೊಲಿಗೆ ಬಿಚ್ಚಿ ಗಂಟು ಎಳೀತೀವಿ."

"ಹಾಸಿಗೆಗೆ ರಕ್ತ ಬರಲ್ಲ ಕಣೆ."



"ನಿಜ, ರಕ್ತ ಬರತ್ತೆ," ಎಂದರು ನರ್ಸಕ್ಕ. "ಜಾಸ್ತಿ ಆದ್ರೆ ಅಲ್ಲೇ ಹೊಟ್ಟೆ ತೆರೆದು ಮುಗಿಸ್ತಾರೆ. ಅದನ್ನ ಮೊದಲೇ ಹೇಳಿ ಒಪ್ಪಿಗೆ ಕೇಳ್ತಾರೆ. ಎಲ್ಲರಿಗೂ ಇದು ಆಗೋದಿಲ್ಲ. ಗಡ್ಡೆ ಎಲ್ಲಿದೆ, ಉಳಿದ ಲಿವರ್ ಹೇಗಿದೆ ನೋಡ್ಬೇಕು. ಇವಳದ್ದು ನೋಡಿ, ಆಗತ್ತೆ ಅಂದಿದ್ದಾರೆ. ಗಾಯ ಚಿಕ್ಕದಾದ್ರೆ ನೋವು ಕಮ್ಮಿ, ಬೇಗ ಎದ್ದು ಓಡಾಡ್ತಾಳೆ. ಉಳಿದ ಲಿವರ್ ಚೆನ್ನಾಗಿದ್ರೆ ಮತ್ತೆ ಬೆಳೆಯತ್ತಮ್ಮ. ಅದಕ್ಕೆ ಆ ಗುಣ ಕೊಟ್ಟಿದಾನೆ ದೇವರು."

ಹಾಸಿಗೆಯಮ್ಮನ ಕೈಯಲ್ಲಿ ಹೊಲಿಯುತ್ತಿದ್ದ ದಪ್ಪ ಸೂಜಿ, ದಬ್ಬಳ, ನಿಂತಿತು.

"ನೀವು ಹೇಳೋದು ನಿಜ ಆಗ್ಬಾರದು ನರ್ಸಕ್ಕ."

"ಯಾಕಮ್ಮ?"

"ನಿಜ ಆದ್ರೆ ನಮ್ಮನೆಯವರು ಸುಮ್ಮನೆ ಸತ್ತ ಹಾಗಲ್ವಾ? ದೊಡ್ಡಾಸ್ಪತ್ರೆಗೆ ಹೊರಟು ನಿಂತಿದ್ರು. 'ಬೇಡ ರೀ, ಹೊಟ್ಟೆ ಸೀಳಿಸ್ಕೊಂಡು ಬದುಕಿದೋರು ಯಾರಿದಾರೆ' ಅಂತ ಚಪ್ಪಲಿ ಬಿಡಿಸಿ ಒಳಗೆ ಕರಕೊಂಡು ಬಂದೋಳು ನಾನು. ಕೆಟ್ಟ ಮೇಲೆ ಬುದ್ಧಿ ಬಂತು ಅಂತಾರಲ್ಲ, ನಂಗೆ ಆ ಬುದ್ಧೀನೂ ಬೇಡ."

ಹತ್ತಿಯ ಧೂಳು ಬೆಳಕಿನ ಕೋಲಿನಲ್ಲಿ ತೇಲುತ್ತಿತ್ತು. ನರ್ಸಕ್ಕ ಅವಳ ಮೊಣಕಾಲ ಮೇಲೆ ಕೈಯಿಟ್ಟು, "ಹೆದರಿ ಹೇಳಿದ್ರಿ ತಾಯಿ, ಹಗೆಯಿಂದಲ್ಲ" ಎಂದಷ್ಟೇ ಹೇಳಿದರು.

ಅರಳೆ ಮಾತ್ರ ಮೆಲ್ಲಗೆ ಕೇಳಿದಳು: "ಅಮ್ಮಾ, ಅವತ್ತು ನೀನು ಹೇಳಿದ್ದೇ ಸರಿ ಅಂತ ಆಗೋಕೆ ನಾನೂ ಸಾಯ್ಬೇಕಾ?"

"ಬಿಡ್ತು ಅನ್ನು! ಬಿಡ್ತು ಅನ್ನೇ!" ಎಂದು ತಾಯಿ ಮಗಳ ಬಾಯಿ ಮುಚ್ಚಿದಳು. ಆಮೇಲೆ ದಬ್ಬಳವನ್ನು ಹತ್ತಿಗೆ ಚುಚ್ಚಿಟ್ಟು ಎದ್ದಳು. "ಯಾವತ್ತು ಹೋಗ್ಬೇಕು?"

ದೊಡ್ಡಾಸ್ಪತ್ರೆಯಲ್ಲಿ ಆಪರೇಷನ್ ಬೆಳಿಗ್ಗೆ ಶುರುವಾಯಿತು. ಹಾಸಿಗೆಯಮ್ಮ ಬೆಂಚಿನ ಮೇಲೆ ಕೂತು, ತುಟಿಯೊಳಗೇ ದೇವರನ್ನು ಕರೆಯುತ್ತಾ, ಸೆರಗಿನ ಅಂಚನ್ನು ಬಿಚ್ಚುತ್ತಾ ಮಡಿಸುತ್ತಾ ಕಾಲ ಕಳೆದಳು. ಮಧ್ಯಾಹ್ನ ದಾಟಿದ ಮೇಲೆ ಆಪರೇಷನ್ ಮಾಡಿದ ಡಾಕ್ಟರಮ್ಮ ಹೊರಗೆ ಬಂದರು.

"ಗಡ್ಡೆ ಪೂರ್ತಿ ಹೊರಗೆ ಬಂತು. ಹೊಟ್ಟೆ ತೆರೆಯೋ ಪ್ರಸಂಗ ಬರ್ಲಿಲ್ಲ. ಎಚ್ಚರ ಆಗಿ ನಿಮ್ಮನ್ನೇ ಕೇಳ್ತಿದಾಳೆ."

ಹಾಸಿಗೆಯಮ್ಮ ಕೈಮುಗಿದಳು. ಮುಗಿದ ಕೈ ಬಿಡದೆಯೇ ಕೇಳಿದಳು: "ಇವಳಪ್ಪನಿಗೂ ಹೀಗೆ ಆಗ್ತಿತ್ತಾ ಡಾಕ್ಟ್ರೇ?"

"ಆಗ ನೋಡದೆ ಈಗ ಹೇಗಮ್ಮ ಹೇಳ್ಲಿ?"

"ಆಗ್ತಿತ್ತು ಅಂತಾನೂ ಇರಬಹುದು. ಅಲ್ವಾ?"

ಡಾಕ್ಟರಮ್ಮ ಸುಳ್ಳು ಹೇಳಲಿಲ್ಲ. "ಇರಬಹುದಮ್ಮ."

ಗಂಡ ಸತ್ತಾಗ ಅವಳು ಅತ್ತಿರಲಿಲ್ಲ. ಕಲ್ಲಿನಂತೆ ಕೂತಿದ್ದಳೆಂದು ಓಣಿಯೆಲ್ಲ ಆಡಿಕೊಂಡಿತ್ತು. ಮಗಳು ಉಳಿದ ಆ ದಿನ, ಆ ಬೆಂಚಿನ ಮೇಲೆ, ಗಂಡನಿಗಾಗಿ ಅತ್ತಳು. ಅತ್ತು, ಮುಖ ತೊಳೆದುಕೊಂಡು, ಮಗಳ ಬಳಿ ಹೋದಳು.

ಅರಳೆ ಮನೆಗೆ ಬಂದು ಅಂಗಡಿಯಲ್ಲಿ ಕೂರುತ್ತಿದ್ದಾಳೆ. ಹೊರಗಿನ ಗಾಯ ಚಿಕ್ಕದಾದರೂ ಒಳಗಿನದು ಮಾಯಬೇಕು. ಡಾಕ್ಟರು ಹೇಳುವ ತನಕ ಭಾರ ಎತ್ತುವಂತಿಲ್ಲ. ಗಡ್ಡೆ ಮತ್ತೆ ಬರಬಹುದಾದ್ದರಿಂದ ಔಷಧಿ, ಸ್ಕ್ಯಾನ್ ತಪ್ಪಿಸುವಂತೆಯೂ ಇಲ್ಲ. ಇಸ್ತ್ರಿಯಣ್ಣ ತಾನೂ ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡು ಬಂದ.

ಓದುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮನೆಯಲ್ಲಿ ಯಾರಿಗಾದರೂ ಲಿವರ್ ಕಾಯಿಲೆ ಇದ್ದರೆ, ಇದ್ದು ಹೋಗಿದ್ದರೆ, ನೀವೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ. ಹುಟ್ಟಿದ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆ ತಪ್ಪದೆ ಹಾಕಿಸಿ. ಗಡ್ಡೆ ಇದೆ ಎಂದರೆ ಹೆದರಿಕೆ ಆಗುತ್ತದೆ, ಆಗಲಿ. ಆ ಹೆದರಿಕೆಯನ್ನೂ ಜೊತೆಗೆ ಕರೆದುಕೊಂಡು ಡಾಕ್ಟರ ಬಳಿ ಹೋಗಿ. ತೂತಿನ ಆಪರೇಷನ್ ನಮಗೆ ಆಗುತ್ತದೆಯೇ, ಆಗದಿದ್ದರೆ ಬೇರೆ ದಾರಿ ಯಾವುದು ಎಂದು ಬಾಯಿಬಿಟ್ಟು ಕೇಳಿ. ಕೇಳಿದ್ದಕ್ಕೆ ಯಾರೂ ಸತ್ತಿಲ್ಲ. ಕೇಳದೆ ಹೋದವರನ್ನು ನಾವು ಹೆಗಲ ಮೇಲೆ ಹೊತ್ತಿದ್ದೇವೆ.