ದಾರಂದದ ಮೇಲಿನ ಕಾಲು

"ಕಾಲು ತೆಗಿಯೇ! ಲಕ್ಷ್ಮೀ ಮೈಮೇಲೆ ಕಾಲಿಟ್ಕಂಡು ಕೂತಿದೀಯಲ್ಲ, ಬುದ್ಧಿಗಿದ್ಧಿ ಇದ್ಯನೇ ನಿಂಗೆ, ಮುಂಡೆ!"

ಶೇಷಮ್ಮನ ಉಳಿ ತಾವರೆಯ ಎಸಳಿನ ಬುಡಕ್ಕೆ ಅರ್ಧ ಇಳಿದಿತ್ತು. ಆಗಲೇ ಕಾಲು ತೆಗೆದರೆ ಮರ ಅಲುಗಿ ಎಸಳು ಹಾರಿಹೋಗುತ್ತದೆ. ಮೊದಲು ಉಳಿ ಬಿಡಿಸಿಕೊಂಡಳು, ಪಕ್ಕಕ್ಕಿಟ್ಟಳು, ಆಮೇಲೆ ಕಾಲು ತೆಗೆದಳು. ಅಷ್ಟು ತಡವಾದದ್ದೇ ಪರಮೇಶ್ವರಪ್ಪನ ಕಣ್ಣಿಗೆ ಕೊಬ್ಬಾಗಿ ಕಂಡಿತು.

"ನೋಡಿದ್ಯಾ ಸುಂದರೇಶ? ಹೇಳಿದ್ರೂ ತೆಗಿಯಲ್ಲ. ಯಾರು ಇವ್ಳು?"

ಕೊಪ್ಪದ ಹೊರಗೆ, ಎನ್.ಆರ್. ಪುರದ ರಸ್ತೆಯಲ್ಲಿದ್ದ ಆ ಮರಗೆಲಸದ ಶೆಡ್ಡು ಸುಂದರೇಶನದು. ಪರಮೇಶ್ವರಪ್ಪ ದೇವಸ್ಥಾನ ಸಮಿತಿಯ ಅಧ್ಯಕ್ಷ. ಗರ್ಭಗುಡಿ ಬಾಗಿಲಿನ ಹೊಸ ದಾರಂದದ ಕೆಲಸ ಎಲ್ಲಿಗೆ ಬಂತೆಂದು ನೋಡಲು ಹೇಳದೆ ಕೇಳದೆ ಬಂದಿದ್ದ.

"ಕೆಲಸದೋಳು ಅಯ್ಯ. ಪೇಪರ್ ಹಾಕಿ ಉಜ್ಜೋಳು ಅಷ್ಟೇ. ಕೆತ್ತದೆಲ್ಲ ನಾನೇ."

"ಕೈಯಲ್ಲಿ ಉಳಿ ಇತ್ತಲ್ಲ ಮಾರಾಯ?"

"ಒರಸ್ತಿದ್ಲು."

ಶೇಷಮ್ಮ ಸುಂದರೇಶನ ಮುಖ ನೋಡಿದಳು. ಅವನು ಛಾವಣಿಯ ಶೀಟು ನೋಡುತ್ತಿದ್ದ.

"ಯಾವ ಕಡೆಯೋಳು?"

"ಇಲ್ಲೇ... ಕಾಲನಿ."

ಪರಮೇಶ್ವರಪ್ಪ ಹೊರಗೆ ಹೋಗಿ ಉಗಿದು ಬಂದ. "ಗೋಮೂತ್ರ ಹಾಕಿ ತೊಳ್ಸು. ಶುಕ್ರವಾರ ಬೆಳಿಗ್ಗೆ ಶೃಂಗೇರಿ ಕಡೆಯಿಂದ ಒಬ್ರು ಆಚಾರ್ರನ್ನ ಕರ್ಕಂಡು ಬರ್ತೀನಿ. ಲಕ್ಷ್ಮೀ ಕಣ್ಣು ಅವ್ರೇ ಬಿಡಿಸ್ಲಿ. ಇವ್ಳು ಆವತ್ತು ಇತ್ಲಾಗೆ ಸುಳೀಬಾರ್ದು."

ಜೀಪು ಹೋಯಿತು.

ಗಂಡ ವಾಸಪ್ಪ ಇದ್ದಾಗ ಹೇಳುತ್ತಿದ್ದ: ಕಣ್ಣು ಬಿಡಿಸುವ ತನಕ ಅದು ಮರ. ಮರವನ್ನು ಕಾಲಲ್ಲಿ ಅದುಮಿ ಹಿಡಿಯದೆ ಕೆತ್ತಲಾಗದು. ಕಣ್ಣು ಬಿಡಿಸಿದ ಮೇಲೆ ದೇವರು. ಆಗ ಕೈಮುಗಿದು ಇಳಿದುಬಿಡಬೇಕು. ಹೀಗೆ ಹೇಳುತ್ತಿದ್ದವನು ಇಪ್ಪತ್ತಮೂರು ದಾರಂದ ಕೆತ್ತಿದ್ದ. ಒಂದಕ್ಕೂ ಕಣ್ಣು ಬಿಡಿಸಿರಲಿಲ್ಲ. ಕಣ್ಣು ಬಿಡಿಸುವ ದಿನ ಬೇರೆ ಯಾರೋ ಮಡಿಯುಟ್ಟು ಬರುತ್ತಿದ್ದರು. ಲಕ್ಷ್ಮಿಯ ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರದೆಂದು ಎದುರಿಗೆ ಕನ್ನಡಿ ಹಿಡಿಯುತ್ತಿದ್ದರು. ವಾಸಪ್ಪ ಶೆಡ್ಡಿನ ಹಿಂದೆ ಸೌದೆ ರಾಶಿಯ ಮೇಲೆ ಕೂತು ಬೀಡಿ ಸೇದುತ್ತಿದ್ದ.

ಇಪ್ಪತ್ತನಾಲ್ಕನೆಯದು ಇದು. ಮಕರದ ಬಾಲದವರೆಗೆ ಬಂದಾಗ ಅವನಿಗೆ ಉಸಿರು ಸಾಲದಾಯಿತು. ಎದೆಯೊಳಗೆಲ್ಲ ಮರದ ಪುಡಿ ಎಂದರು ಡಾಕ್ಟರು. ಹದಿನೆಂಟು ವರ್ಷ ಪಕ್ಕದಲ್ಲಿ ಕೂತು ಉಜ್ಜಿದ ಶೇಷಮ್ಮನಿಗೆ ಉಳಿ ಎಲ್ಲಿ ತಿರುಗಬೇಕೆಂದು ಗೊತ್ತಿತ್ತು. ಅವನು ಹಾಸಿಗೆಯಿಂದ ಹೇಳಿದ, ಅವಳು ಶೆಡ್ಡಿನಲ್ಲಿ ಕೆತ್ತಿದಳು. ನೋಡಲು ಹೋದ ಸುಂದರೇಶನ ಕೈ ಹಿಡಿದುಕೊಂಡು ವಾಸಪ್ಪ ಕೇಳಿದ್ದು ಒಂದೇ: "ಇದೊಂದರ ಕಣ್ಣು ನಮ್ಮ ಕೈಲೇ ಆಗ್ಲಿ ಸುಂದರೇಶಣ್ಣ. ನಾನಿಲ್ದಿದ್ರೆ ಇವ್ಳು."

"ಆಯ್ತು ಮಾರಾಯ," ಅಂದಿದ್ದ ಸುಂದರೇಶ. ಒಂಬತ್ತನೆಯ ದಿನ ವಾಸಪ್ಪ ಹೋದ.

ಈಗ ಅದೇ ಸುಂದರೇಶ ಗೋಮೂತ್ರದ ಕ್ಯಾನು ತಂದು ಅವಳ ಮುಂದಿಟ್ಟ.

"ತೊಳಿ."

"ನಾನಾ?"

"ಮತ್ಯಾರಿದಾರೆ?"

ಗರಗಸದ ಮಿಷನ್ನಿನ ಹತ್ತಿರ ಶಫಿ ನಕ್ಕ. "ಮೈಲಿಗೆ ಮಾಡಿದೋಳೇ ಮಡಿ ಮಾಡದಾ? ಹಂಗಾರೆ ಈ ಹಲಸು ಕೊಯ್ದಿದ್ದು ನಾನು. ಸಾಬ್ರ ಕೈಗೆ ಎಂತ ಹಾಕ್ತೀರಿ ಅಣ್ಣ, ಡೀಸೆಲ್ಲಾ?"

"ಬಾಯಿ ಮುಚ್ಕಂಡು ಕೆಲಸ ಮಾಡ ಬೋಳಿಮಗನೆ."

"ಅವತ್ತು ಮಾತು ಕೊಟ್ಟಿದ್ರಿ," ಅಂದಳು ಶೇಷಮ್ಮ.

"ಸಾಯೋನಿಗೆ ಇಲ್ಲ ಅನ್ನಕ್ಕಾಗುತ್ತನೇ?" ಸುಂದರೇಶ ದನಿ ತಗ್ಗಿಸಿದ. "ನೀನು ಕೆತ್ತಿದ್ದು ಅಂತ ಗೊತ್ತಾದ್ರೆ ದಾರಂದನೇ ಬ್ಯಾಡ ಅಂತಾರೆ. ಇದೇ ಶೆಡ್ಡಿನ ಅನ್ನ ಅಲ್ದಾ ನೀನೂ ತಿನ್ನದು?"

ತೊಳೆದಳು. ಇನ್ನೂ ಎಣ್ಣೆ ಕಾಣದ ಮರ ಅದನ್ನು ಕುಡಿದು ಅಲ್ಲಲ್ಲಿ ಕಪ್ಪು ಕಲೆಯಾಯಿತು. ಆ ಕಲೆ ಹೋಗಲು ಎರಡು ದಿನ ಮತ್ತೆ ಉಜ್ಜಿದಳು.

ಶುಕ್ರವಾರ ಎಂಟಕ್ಕೆ ಶಫಿ ಶೆಡ್ಡಿನ ಬೀಗ ತೆಗೆಯುವಾಗ ಶೇಷಮ್ಮ ಹಿಂದೆ ನಿಂತಿದ್ದಳು. ಅಂಗಳದಲ್ಲಿ ಪೂಜೆಗೆ ತಂದ ಹಸು, ಕರು ಕಟ್ಟಿದ್ದವು.

"ಇವತ್ತು ಬರ್ಬೇಡ ಅಂದಿದ್ರಲ್ಲ ಶೇಷಕ್ಕ?"

"ಮರ್ತೇಹೋತು."

ಶಫಿ ಅವಳ ಸೆರಗಿನ ಗಂಟು ನೋಡಿದ. ವಾಸಪ್ಪನ ಸಣ್ಣ ಉಳಿಯ ಹಿಡಿ ಅದರಿಂದ ಇಣುಕುತ್ತಿತ್ತು. ಹೋಗಿ ಗರಗಸ ಹಾಕಿದ. ಕೊಯ್ಯಲು ಮರವೇ ಇಟ್ಟಿರಲಿಲ್ಲ. ಗರಗಸ ಸುಮ್ಮನೆ ಕಿರುಚುತ್ತಿತ್ತು.

ಹಳದಿ ಬಟ್ಟೆ ಸರಿಸಿದಳು. ದಾರಂದದ ಮೇಲಿನ ಪಟ್ಟಿಯ ನಡುವೆ ಲಕ್ಷ್ಮಿ ಅಂಗಾತ ಮಲಗಿದ್ದಳು, ಎರಡೂ ಬದಿಗೆ ಆನೆ. ಶೇಷಮ್ಮ ದಿನದಂತೆ ಕೂತಳು. ಒಂದೊಂದು ಆನೆಯ ಮೇಲೆ ಒಂದೊಂದು ಕಾಲು ಊರಿದಳು. ಬಲಗಣ್ಣು ಬಿಡಿಸಿದಳು. ಎಡಗಣ್ಣಿಗೆ ಉಳಿ ತಿರುಗಿಸಿ ಹಿಡಿದಳು. ಉಸಿರು ಬಿಗಿಹಿಡಿದು ಅದನ್ನೂ ಬಿಡಿಸಿ, ಪುಡಿ ಊದಿದಳು.

ಊದಿದ ಮುಖ ಅಲ್ಲೇ ನಿಂತಿತು. ಲಕ್ಷ್ಮಿ ಮೊದಲು ನೋಡಿದ್ದು ಅದನ್ನೇ: ಕುಂಕುಮವಿಲ್ಲದ ಹಣೆ, ಹುಬ್ಬಿನ ತುಂಬ ಹಲಸಿನ ಪುಡಿ.

ಜೀಪು ಬಂದದ್ದು ಗರಗಸದ ಸದ್ದಿನಲ್ಲಿ ಕೇಳಿಸಲಿಲ್ಲ. ತಲೆಯೆತ್ತಿದರೆ ಬಾಗಿಲಲ್ಲಿ ಪರಮೇಶ್ವರಪ್ಪ, ಕೈಯಲ್ಲಿ ಬೆಳ್ಳಿ ಚೌಕಟ್ಟಿನ ಕನ್ನಡಿ. ಹಿಂದೆ ಮಡಿಯುಟ್ಟ ಆಚಾರ್ರು. ಅವರ ಹಿಂದೆ ಸುಂದರೇಶ.

ಶಫಿ ಗರಗಸ ನಿಲ್ಲಿಸಿದ.

"ಕಾಲು... ಕಾಲು ತೆಗಿಯೇ!" ಪರಮೇಶ್ವರಪ್ಪ ಅರಚಿದ.

ಆಚಾರ್ರು ಬಗ್ಗಿ ನೋಡಿದರು. "ಆಗ್ಹೋಗಿದೆ ಸ್ವಾಮಿ. ಬಿಡಿಸಿದ ಕಣ್ಣು ಮುಚ್ಚಕ್ಕೆ ಬರಲ್ಲ." ತಮ್ಮ ಉಳಿಯ ಚೀಲವನ್ನು ಬಿಚ್ಚದೆ ಹೆಗಲಿಗೇರಿಸಿಕೊಂಡರು.

ಈಗ ಅದು ಮರವಲ್ಲ ಎಂದು ಶೇಷಮ್ಮನಿಗೂ ಗೊತ್ತಿತ್ತು. ವಾಸಪ್ಪ ಹೇಳಿದ ಹಾಗೆ ಕೈಮುಗಿದು ಇಳಿಯಬೇಕಿತ್ತು. ಉಳಿ ಕೆಳಗಿಟ್ಟಳು. ಎರಡೂ ಕೈ ಜೋಡಿಸಿದಳು.

ಕಾಲು ಮಾತ್ರ ಏಳಲಿಲ್ಲ.