ಬೀಗರ ಮುಂದಿಡುವ ಬಟ್ಟಲು

ವರದಾಳಿಗೆ ಹೊಗಳಿಕೆ ಕಂಡರಾಗದು. ಉಪ್ಪಿಟ್ಟು ತಿಂದವರು ಸೌಜನ್ಯಕ್ಕೆ ‘ಛಲೋ ಆಗೇದ’ ಎಂದರೆ ಸಾಕು, ಸೌಟು ಕೆಳಗಿಟ್ಟು, ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ಯಾವದು ಛಲೋ ಅದ? ಉಪ್ಪೋ, ಹದಾನೋ?” ಎಂದು ಪಾಟೀಸವಾಲಿಗೆ ನಿಲ್ಲುತ್ತಾಳೆ. ಬೈಲಹೊಂಗಲದ ಕಾಲೇಜೊಂದರಲ್ಲಿ ಆಹಾರವಿಜ್ಞಾನ ಕಲಿಸುವ ಈ ಐವತ್ತರ ಹೆಂಗಸು, ಅರಿಸಿನದ ಕಲೆ ಬಿದ್ದ ಬಿಳಿ ಕೋಟು ತೊಟ್ಟು, ತೂಕದ ಯಂತ್ರವಿರುವ ಚೀಲದ ಭಾರಕ್ಕೆ ಬಲಗಡೆ ವಾಲಿ, ದಾಪುಗಾಲು ಹಾಕುತ್ತ ಬಸ್‌ಸ್ಟ್ಯಾಂಡಿಗೆ ಬಂದಳೆಂದರೆ ಕಂಡಕ್ಟರುಗಳು ತಾವಾಗಿಯೇ ಮುಂದಿನ ಸೀಟು ಖಾಲಿ ಮಾಡಿಸುತ್ತಾರೆ. ಅವಳೊಡನೆ ವಾದಿಸಿ ಗೆದ್ದವರನ್ನು ಆ ರೂಟಿನಲ್ಲಿ ಯಾರೂ ಕಂಡಿಲ್ಲ.

ಹೋದ ವರ್ಷದ ಮಾತು. ಮುರಗೋಡದ ಹಗಲು ಕೇಂದ್ರದಲ್ಲಿ ಉಣ್ಣುವ ನಲವತ್ತು ವೃದ್ಧರಿಗೆ ಸಂಸ್ಥೆಯೊಂದು ಜೋಳದ ನುಚ್ಚು ಒದಗಿಸಲು ಹೊರಟಿತ್ತು. ಬಗೆ ಮೂರು: ನುಣ್ಣಗೆ ಅರೆದ ಮೆತ್ತನೆಯದು, ಉಪ್ಪು ಕಡಿಮೆಯಾದದ್ದು, ಕಾಳು ಕಾಳಾಗಿ ಬೆಂದು ಬೆಳ್ಳುಳ್ಳಿ ಒಗ್ಗರಣೆ ಬಿದ್ದದ್ದು. ಯಾವುದು ಹಿಡಿಸುತ್ತದೆಂದು ಉಣಿಸಿ ನೋಡುವ ಕೆಲಸವನ್ನು ಸಂಸ್ಥೆ ವರದಾಳಿಗೆ ಒಪ್ಪಿಸಿತ್ತು; ಅವಳ ಪರೀಕ್ಷೆಯಲ್ಲಿ ಗೆದ್ದದ್ದೇ ವರ್ಷವಿಡೀ ಅವರ ತಾಟಿಗೆ ಬೀಳುವುದಿತ್ತು.

ಅವಳು ಶಾಸ್ತ್ರೋಕ್ತವಾಗಿ, ಅಳುವ ಮುಖದಿಂದ ನಗುವ ಮುಖದವರೆಗೆ ಒಂಬತ್ತು ಮುಖಗಳಿದ್ದ ಕಾರ್ಡು ಹಂಚಿದಳು. ನಲವತ್ತು ಜನರೂ ಮೂರೂ ಬಟ್ಟಲಿಗೆ ನಗುವ ಮುಖವನ್ನೇ ತೋರಿಸಬೇಕೆ! ಯಾಕೆಂದು ಕೇಳಿದರೆ ಎಂಬತ್ತು ದಾಟಿದ ಸುಂದರವ್ವ ಗಾಬರಿಯಾದಳು.

“ಅನ್ನದ ಮುಂದ ಕುಂತು ಅಳೂ ಮಾರಿ ಹ್ಯಾಂಗ ಮುಟ್ಲಿ ಯವ್ವಾ? ನೀ ಅಷ್ಟು ದೂರದಿಂದ ಬಂದು ಉಣಿಸಾಕಹತ್ತಿ, ತಪ್ಪ ತಗದು ಹೆಸರ ಇಡಾಕ ಆಕ್ಕೈತೇನ?”

ಸಂಸ್ಥೆಯ ಮೇಲ್ವಿಚಾರಕ ಭೀಮಶಿಗಂತೂ ಹಬ್ಬ. “ಎಲ್ಲಾರೂ ನಕ್ಕಾರಲ್ರಿ ಮೇಡಮ್ಮಾರ! ಹಲ್ಲಿಲ್ಲದವರಿಗೆ ಮೆತ್ತಂದ ಸಾಕು. ಸಹಿ ಮಾಡ್ರಿ.”

ವರದಾ ಉಳಿಕೆಯನ್ನು ತೂಗಿ ನೋಡಿದ್ದಳು. ಮೆತ್ತನೆಯ ನುಚ್ಚು ಅರ್ಧಕ್ಕರ್ಧ ಬಟ್ಟಲಲ್ಲೇ ಕೂತಿತ್ತು. ಈ ಮುದುಕರು ನಗುನಗುತ್ತಲೇ ವರ್ಷಪೂರ್ತಿ ಅರೆಹೊಟ್ಟೆಯಲ್ಲಿರುತ್ತಾರಲ್ಲ ಎಂದುಕೊಂಡು ಅವಳು ಸಹಿಯ ಕಾಗದವನ್ನು ಪಕ್ಕಕ್ಕೆ ಸರಿಸಿದಳು. “ಒಂದು ವಾರ ಕೊಡ್ರಿ,” ಎಂದಳು. “ನಾ ಕೇಳಿದ್ದೇ ತಪ್ಪದ.”

ಮರುವಾರ ಕಾರ್ಡುಗಳು ಮಾಯ. ಒಬ್ಬೊಬ್ಬರನ್ನೇ ಬೇರೆ ಕೂಡಿಸಿ, ಬಟ್ಟಲುಗಳ ಸರದಿ ಬದಲಿಸುತ್ತ, ನಡುನಡುವೆ ಬಿಸಿನೀರಿನಿಂದ ಬಾಯಿ ಮುಕ್ಕಳಿಸಲು ಹೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದಳು: “ಮನಿಗೆ ಹೊಸಾ ಬೀಗರು ಬಂದಾರ ಅಂತ ತಿಳೀರಿ. ಅವರ ಮುಂದ ಯಾವ ಬಟ್ಟಲಾ ಇಡ್ತೀರಿ?”

ಅಬ್ಬಬ್ಬಾ, ಬಾಯಿಗಳೇನು ಬಿಚ್ಚಿಕೊಂಡವು! ಸುಂದರವ್ವ ಮೂರನ್ನೂ ಮೂಸಿ, ಸವಿದು, ಮೆತ್ತನೆಯದನ್ನು ಬೆರಳ ತುದಿಯಿಂದ ದೂಡಿದಳು. “ಇದನ್ನಿಟ್ರ ಬೀಗರು ಊರತುಂಬ ಆಡಿಕೋತಾರ. ತಗಿ ಅತ್ತಾಗ!” ನಲವತ್ತರಲ್ಲಿ ಮೂವತ್ತಮೂರು ಜನ ಒಗ್ಗರಣೆಯ ಬಟ್ಟಲಿಗೇ ಕೈಯಿಟ್ಟರು.

ಭೀಮಶಿ ಸುಲಭಕ್ಕೆ ಸೋಲುವ ಆಸಾಮಿಯಲ್ಲ. “ಬೀಗರಿಗಿಡೂದು ಬ್ಯಾರೆ, ತಾವು ಉಣ್ಣೂದು ಬ್ಯಾರೆ ಅಲ್ಲೇನ್ರಿ?” ಎಂದ. ಪ್ರಶ್ನೆ ನ್ಯಾಯವಾದದ್ದೇ, ವರದಾಳಿಗೆ ಅವನ ಮೇಲೆ ಮೊದಲ ಸಲ ಪ್ರೀತಿ ಹುಟ್ಟಿತು. ಮೂರೂ ಪಾತ್ರೆಗಳನ್ನು ನಡುವೆ ಇರಿಸಿ, ಬೇಕಾದ್ದನ್ನು ಬೇಕಾದಷ್ಟು ಉಣ್ಣಿರೆಂದಳು. ಒಗ್ಗರಣೆಯದು ನೋಡನೋಡುತ್ತ ತಳ ಕಂಡಿತು. ನಾಲ್ಕೇ ಹಲ್ಲುಳಿದ ಶಂಕರೆಪ್ಪಜ್ಜ ಎರಡನೆಯ ಸಲ ಬಟ್ಟಲು ಚಾಚಿ, ಭೀಮಶಿಯತ್ತ ತಿರುಗಿದ. “ಹಲ್ಲು ಹೋಗ್ಯಾವೋ ತಮ್ಮಾ, ನಾಲಿಗಿ ಹೋಗಿಲ್ಲ.”

ಪಡಸಾಲೆಯೆಲ್ಲ ಘೊಳ್ಳೆಂದಿತು. ಭೀಮಶಿಯೂ ನಕ್ಕು, ಒಗ್ಗರಣೆಯ ನುಚ್ಚಿಗೇ ಸಹಿ ಹಾಕಿದ. ನುಂಗಲು ನಿಜಕ್ಕೂ ಕಷ್ಟವಿದ್ದ ಮೂವರಿಗೆ ಮೆತ್ತನೆಯದರ ಮೇಲೂ ಅದೇ ಒಗ್ಗರಣೆ ಬೀಳತಕ್ಕದ್ದೆಂದು ವರದಾ ಕೆಳಗೆ ಬರೆಸಿದಳು.

ಮುಪ್ಪಿಗೆ ಯಾವುದು ಹಿತವೆಂದು ತಾವೇ ತೀರ್ಮಾನಿಸಿ ಉಣಿಸುವ ದಯಾವಂತರಿಗೆ ಲೋಕದಲ್ಲಿ ಬರವಿಲ್ಲ, ಅವರ ಮುಂದೆ ಮುದುಕರು ಕೈಮುಗಿದು ನಗುತ್ತಾರೆ. ನಿಜವಾದ ಉತ್ತರ ಬರುವವರೆಗೂ ತಮ್ಮ ಪ್ರಶ್ನೆಯನ್ನೇ ತಿದ್ದಿಕೊಳ್ಳುವ ಹಟಮಾರಿಗಳು ಎಲ್ಲೋ ಒಬ್ಬರು. ಅಂಥವರ ಮುಂದೆ ಮಾತ್ರ ಎಂಬತ್ತರ ಜೀವವೊಂದು ತಲೆಯೆತ್ತಿ ‘ನನಗಿದು ಬ್ಯಾಡ’ ಎನ್ನುತ್ತದೆ.